ಬಣ್ಣ ಹೊಸದು, ಬುಕ್ಕು ಯಾರದು?

ಮೈಸೂರಿನ ಜಾವಾ ಫ್ಯಾಕ್ಟರಿ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ಹುಟ್ಟಿದ ಬೈಕುಗಳು ಮಾತ್ರ ಇನ್ನೂ ಸತ್ತಿಲ್ಲ. ಸಾಯೋಕೆ ಬಿಡೋರೂ ಇಲ್ಲ! ಹಿತ್ತಲಲ್ಲಿ ಸೌದೆ ರಾಶಿಗೆ ಒರಗಿ, ಸೀಟಿನ ಮೇಲೆ ಕೋಳಿ ಕೂರಿಸಿಕೊಂಡು ನಿಂತಿದ್ದ ಗಾಡಿ ಒಂದು ಬೆಳಿಗ್ಗೆ ಲಗೇಜು ಆಟೋ ಹತ್ತುತ್ತದೆ. ಎರಡು ಮೂರು ತಿಂಗಳಲ್ಲಿ ಅದೇ ಗಾಡಿ ಮೆರೂನ್ ಬಣ್ಣ ಬಳಿದುಕೊಂಡು, ಎರಡು ಸೈಲೆನ್ಸರ್ ಮಿನುಗಿಸಿಕೊಂಡು, ಮದುವಣಿಗನ ಹಾಗೆ ಗ್ಯಾರೇಜಿನ ಮುಂದೆ ನಿಂತಿರುತ್ತದೆ. ಗುಜರಿ ರೇಟಿಗೆ ಕೊಟ್ಟವರೇ ಪಕ್ಕದಲ್ಲಿ ನಡೆದು ಹೋದರೂ ಗುರುತು ಸಿಗುವುದಿಲ್ಲ.

ಐಡಿಯಲ್ ಜಾವಾ ಕಂಪನಿ ಯಾದವಗಿರಿಯಲ್ಲಿ ಬೈಕು ತಯಾರಿಸಲು ಶುರು ಮಾಡಿದ್ದು 1961ರಲ್ಲಿ. ಮೂಲ ನಕ್ಷೆ ಜೆಕೊಸ್ಲೊವಾಕಿಯಾದ್ದು. 1973ರಿಂದ ಹೆಸರು ಯೆಜ್ಡಿ ಎಂದಾಯಿತು. ಕಿಕ್ಕರ್ ಲಿವರನ್ನೇ ತಿರುಗಿಸಿ ಗೇರ್ ಹಾಕುವ ಈ ಗಾಡಿಯನ್ನು ಓಡಿಸಿದ ಕಾಲು ಬೇರೆ ಬೈಕಿಗೆ ಒಗ್ಗುವುದು ಕಷ್ಟ. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರನ್ನೂ, 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ರಸ್ತೆಗೆ ತಂದಿತು. ಹೊಸದು ಬಂದ ಮೇಲೆ ಹಳೆಯದರ ಮೋಹ ಇಳಿಯಬೇಕಿತ್ತು, ಏರಿತು ಅನ್ನಿ.

ಗಾಡಿ ಗ್ಯಾರೇಜಿಗೆ ಬಂದೊಡನೆ ಮೊದಲ ಕೆಲಸ ಬಿಚ್ಚುವುದು. ತುಕ್ಕು ಹಿಡಿದ ನಟ್ಟು ಬೋಲ್ಟಿಗೆ ಸೀಮೆಎಣ್ಣೆ ಕುಡಿಸಿ ರಾತ್ರಿಯೆಲ್ಲ ಬಿಡಬೇಕು. ಅವಸರಪಟ್ಟರೆ ಬೋಲ್ಟು ಮುರಿದು ಒಳಗೇ ಕೂರುತ್ತದೆ. ಸಿಲಿಂಡರ್ ಸವೆದಿದ್ದರೆ ಬೋರಿಂಗ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಬೇಕು. ಕ್ರ್ಯಾಂಕಿನ ಬೇರಿಂಗು, ಎರಡು ಬದಿಯ ಆಯಿಲ್ ಸೀಲು ಕಡ್ಡಾಯ. ಈ ಸೀಲು ಹೋದರೆ ಗೇರ್ ಬಾಕ್ಸಿನ ಆಯಿಲ್ ಇಂಜಿನ್ನಿಗೆ ಎಳೆದುಕೊಂಡು ಗಾಡಿ ಬಿಳಿ ಹೊಗೆ ಕಕ್ಕುತ್ತದೆ. 'ಟೂ ಸ್ಟ್ರೋಕ್ ಅಂದ್ಮೇಲೆ ಹೊಗೆ ಇರುತ್ತೆ ಸಾರ್' ಎಂಬ ಮಾತು ಅರ್ಧ ಮಾತ್ರ ನಿಜ. ಬಿಸಿಯಾದ ಮೇಲೂ ಮೋಡದ ಹಾಗೆ ಬಂದರೆ ಸೀಲು ಬದಲಾಗಿಲ್ಲ ಎಂದೇ ಲೆಕ್ಕ.

ಪೆಟ್ರೋಲ್ ಟ್ಯಾಂಕು ದೊಡ್ಡ ತಲೆನೋವು. ಒಳಗಿನ ತುಕ್ಕು ಬಿಡಿಸಲು ಸಣ್ಣ ಜಲ್ಲಿ, ಹಳೇ ನಟ್ಟು ಹಾಕಿ ಕುಲುಕುತ್ತಾರೆ. ತೂತಿದ್ದರೆ ಬೆಸುಗೆ. ಖಾಲಿ ಟ್ಯಾಂಕು ಅಂತ ಧೈರ್ಯ ಮಾಡಿ ಬೆಂಕಿ ಹಿಡಿದರೆ ಮುಗಿಯಿತು, ಒಳಗಿನ ಪೆಟ್ರೋಲ್ ಆವಿಯೇ ಬಾಂಬು. ತಿಳಿದವರು ತೊಳೆದು, ಬೆಸುಗೆಯ ಜಾಗ ಮಾತ್ರ ಬಿಟ್ಟು ನೀರು ತುಂಬಿಸಿಯೇ ಕೆಲಸಕ್ಕೆ ಕೂರುತ್ತಾರೆ.

ಆಮೇಲೆ ಬಣ್ಣ. ಇಲ್ಲಿಯೇ ಕಸುಬುದಾರ ಯಾರು, ಕಾಸುದಾರ ಯಾರು ಎಂದು ಗೊತ್ತಾಗುವುದು. ಹಳೇ ಬಣ್ಣ ಪೂರ್ತಿ ಕೆರೆದು, ನೆಗ್ಗಿದ್ದನ್ನು ತಟ್ಟಿ ನೇರ ಮಾಡಿ, ಪ್ರೈಮರ್ ಹೊಡೆದು, ತೆಳ್ಳಗೆ ಪುಟ್ಟಿ ಎಳೆದು, ವಾಟರ್ ಪೇಪರಿನಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿ ಸವೆದ ಮೇಲೆ ಸ್ಪ್ರೇ ಗನ್ ಹಿಡಿಯಬೇಕು. ಮಳೆ ದಿನ ಹೊಡೆದರೆ ತೇವಕ್ಕೆ ಹೊಳಪು ಸತ್ತು ಬೂದಿ ಬಡಿದಂತಾಗುತ್ತದೆ. ಟ್ಯಾಂಕಿನ ಚಿನ್ನದ ಗೆರೆಯನ್ನು ಕುಂಚದಲ್ಲಿ ಒಂದೇ ಉಸಿರಿಗೆ ಎಳೆಯುವ ಕೈ ಈಗ ಕಮ್ಮಿ. ಸ್ಟಿಕ್ಕರ್ ಅಂಟಿಸುವವರೇ ಹೆಚ್ಚು.

ಮಾರಾಟಕ್ಕೆಂದೇ ತಯಾರಾಗುವ ಗಾಡಿಯಲ್ಲಿ ಈ ಪಾಡು ಪಡುವವರು ಎಷ್ಟು ಮಂದಿ? ತುಕ್ಕಿನ ಮೇಲೇ ಪುಟ್ಟಿ ಮೆತ್ತಿ, ಮೇಲೆ ಹೊಳೆಯುವ ಬಣ್ಣ ಹೊಡೆದರೆ ಕೊಳ್ಳುವವನ ಕಣ್ಣಿಗೆ ಎರಡೂ ಒಂದೇ. ಒಂದು ಮಳೆಗಾಲ ಕಳೆದ ಮೇಲೆ ಮಡ್‌ಗಾರ್ಡಿನಲ್ಲಿ ಗುಳ್ಳೆ ಏಳುತ್ತದೆ. ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋದರೆ ಸಾಕು. ಪುಟ್ಟಿ ದಪ್ಪ ಇದ್ದ ಕಡೆ ಅದು ಅಂಟುವುದಿಲ್ಲ. ಟ್ಯಾಂಕಿನ ಪಕ್ಕದ ಕ್ರೋಮ್ ಮಾತ್ರ ಸುಳ್ಳು ಹೇಳುವುದಿಲ್ಲ. ಪುಟ್ಟಿಯ ಮೇಲೆ ಕ್ರೋಮ್ ಹಿಡಿಯುವುದಿಲ್ಲವಲ್ಲ.

ಇಷ್ಟೆಲ್ಲ ತಗಡಿನ ಮಾತಾಯಿತು. ಕಾಗದದ ಮಾತು ಇನ್ನೂ ಬಿಸಿ. ಅಪ್ಪನ ಕಾಲದ ಗಾಡಿ, ಜಾಗ ತಿನ್ನುತ್ತೆ ಅಂತ ಕೊಟ್ಟುಬಿಡುವ ಅಂಗಡಿಯವರು ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಆರ್.ಸಿ. ಬುಕ್ಕನ್ನೂ ಕೈಗಿಡುತ್ತಾರೆ. ತಂದವನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದಿಲ್ಲ, ಖರ್ಚು ಯಾಕೆ? ಬಣ್ಣ ಬಳಿದು ಅದೇ ಖಾಲಿ ಫಾರಂ ಸಮೇತ ಮುಂದಿನವನಿಗೆ ದಾಟಿಸುತ್ತಾನೆ. ಅವನು ಇನ್ನೊಬ್ಬನಿಗೆ. ಬೈಕು ಮೂರು ಊರು ಸುತ್ತಿದರೂ ಬುಕ್ಕಿನಲ್ಲಿ ಅಂಗಡಿ ಯಜಮಾನರ ಹೆಸರೇ!

ಇಂಥದೇ ಒಂದು ಕಾರಿನ ಕೇಸಿನಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಕಾರು ಕೈಯಿಂದ ಕೈಗೆ ಹೋಗಿತ್ತು, ಅಪಘಾತವಾಗಿತ್ತು, ವಿಮೆ ಇರಲಿಲ್ಲ. ಪರಿಹಾರ ಕೊಡಬೇಕಾದವರು ಯಾರು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಎಂದಿತು ಕೋರ್ಟು. ಮಾರಿ ವರ್ಷಗಳಾದವು ಎಂಬ ಮಾತು ನಡೆಯಲಿಲ್ಲ.

ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಮಾರಿದವರು ಆರ್.ಟಿ.ಒ.ಗೆ ತಿಳಿಸಬೇಕು, ಕೊಂಡವರಿಗೆ 30 ದಿನದ ಗಡುವು. ಹಳೇ ಗಾಡಿ ವ್ಯಾಪಾರವನ್ನೇ ಕಸುಬು ಮಾಡಿಕೊಂಡವರು 2023ರ ಏಪ್ರಿಲ್‌ನಿಂದ ಆರ್.ಟಿ.ಒ. ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಬೀದಿ ಗ್ಯಾರೇಜಿನಲ್ಲಿ ಅದನ್ನು ಕೇಳಿದರೆ ಮುಖ ನೋಡಿ ನಗುತ್ತಾರೆ.

ಕೊಳ್ಳುವವರಿಗೂ ಲೆಕ್ಕವಿದೆ. ನೋಂದಣಿಯ ಆಯಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ದ್ವಿಚಕ್ರಕ್ಕೆ 2025ರ ಆಗಸ್ಟ್‌ನಲ್ಲಿ ಆ ಶುಲ್ಕ 2,000 ರೂಪಾಯಿಗೆ ಏರಿತು. 50 ವರ್ಷ ಮೀರಿದ್ದನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮದಂತೆ 20,000 ರೂಪಾಯಿ. ಹಾಗೆ ಮಾಡಿಸಿದರೆ ದಿನಾ ಸಂತೆಗೆ, ಹಾಲಿನ ಡೈರಿಗೆ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಅಷ್ಟೇ.

ಮುಂಗಡ ಕೊಡುವ ಮೊದಲು ಹ್ಯಾಂಡಲ್ ಕೆಳಗಿನ ಚಾಸಿ ನಂಬರಿಗೆ ಟಾರ್ಚು ಬಿಟ್ಟು ನೋಡಬೇಕು. ಪುಟ್ಟಿ, ಬಣ್ಣದಲ್ಲಿ ಅದು ಮುಚ್ಚಿಹೋಗಿದ್ದರೆ ಕೆರೆದು ತೋರಿಸು ಅನ್ನಬೇಕು. ಬುಕ್ಕಿನ ನಂಬರಿಗೆ ಅದು ತಾಳೆಯಾಗದಿದ್ದರೆ ಮೆರೂನ್ ಬಣ್ಣ ಎಷ್ಟೇ ಹೊಳೆದರೂ ವಾಪಸು ಬಸ್ಸು ಹಿಡಿಯುವುದು.