ಟೋಪಿ ಹೊತ್ತ ಸಸಿ

ಕಾಫಿ ಬೀಜಕ್ಕೆ ಅವಸರವಿಲ್ಲ. ಹಿತ್ತಲಲ್ಲಿ ಊರಿದ ಸೌತೆ ಬೀಜ ವಾರ ಕಳೆಯುವಷ್ಟರಲ್ಲಿ ಎರಡೆಲೆ ಬಿಚ್ಚಿ ನಿಂತಿರುತ್ತದೆ. ಮೂಡಿಗೆರೆಯ ಡಿಸೆಂಬರ್ ಚಳಿಯಲ್ಲಿ ಪಾತಿಗೆ ಬಿದ್ದ ಕಾಫಿ ಬೀಜ ಮೇಲೆ ಬರಲು ಸುಮಾರು 45 ದಿನ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಕಾಣುವುದು ಪಾತಿಗೆ ಹೊದಿಸಿದ ಭತ್ತದ ಹುಲ್ಲು, ಅದರ ಮೇಲಿನ ಇಬ್ಬನಿ, ಬೆಳಿಗ್ಗೆ ಬಾಲ ನಿಮಿರಿಸಿಕೊಂಡು ಹುಳು ಹೆಕ್ಕಲು ಬರುವ ಮಡಿವಾಳ ಹಕ್ಕಿ.

ನಮ್ಮಲ್ಲಿ ಬೀಜಕ್ಕೆ ಎಸ್.795 ಗಿಡದ ಹಣ್ಣು ಆರಿಸುತ್ತೇವೆ. ಕೆಂಟ್ಸ್ ಮತ್ತು ಎಸ್.288 ಕೂಡಿಸಿ ಪಡೆದ ಈ ಅರೇಬಿಕಾ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಸಂಶೋಧನಾ ಕೇಂದ್ರದ್ದು. ಹಣ್ಣು ಪೂರ್ತಿ ಕೆಂಪಾಗಿರಬೇಕು, ಕಪ್ಪಿಗೆ ತಿರುಗಿರಬಾರದು. ನೀರಲ್ಲಿ ತೇಲಿದ್ದನ್ನು ತೆಗೆದು, ಉಳಿದದ್ದನ್ನು ಕೈಯಲ್ಲೇ ಹಿಚುಕಿ, ಜರಡಿ ಹಿಡಿದ ಒಲೆಬೂದಿಯಲ್ಲಿ ಉಜ್ಜಿ, ನೆರಳಲ್ಲಿ ಹರಡುವುದು ವಾಡಿಕೆ. ಲೋಳೆ ಬಿಟ್ಟ ಮೇಲೆ ಬೀಜದ ಹೊರಹೊಟ್ಟು ಕೆನೆಯ ಬಣ್ಣಕ್ಕೆ ಬರುತ್ತದೆ. ಬಹುಕಾಲ ಕಾಯ್ದಿಡುವಂತಿಲ್ಲ, ಒಳಗಿನ ಪಸೆ ಆರಿದಂತೆ ಜೀವವೂ ಆರುತ್ತದೆ. ದುಂಡಗಿನ ಪೀಬೆರಿಯನ್ನೂ ಮುರುಟಿದ್ದನ್ನೂ ಬಿಟ್ಟು, ಚಪ್ಪಟೆ ಮೈ ಕೆಳಗಾಗುವಂತೆ ಒಂದೊಂದನ್ನೇ ಊರುತ್ತೇವೆ.

ಬೀಜದೊಳಗಿನ ಭ್ರೂಣ ಮೂರು ನಾಲ್ಕು ಮಿಲಿಮೀಟರ್ ಉದ್ದ, ಒಂದು ತುದಿಯಲ್ಲಿ ಒತ್ತಿಕೊಂಡಿರುತ್ತದೆ. ಮಿಕ್ಕಿದ್ದೆಲ್ಲ ಅದರ ಬುತ್ತಿ. ನಾವು ಹುರಿದು, ಪುಡಿ ಮಾಡಿ ಕುಡಿಯುವುದು ಈ ಬುತ್ತಿಯನ್ನೇ. ಮೊದಲು ಬಿಳಿಯ ತಾಯಿಬೇರು ಇಳಿಯುತ್ತದೆ. ಆಮೇಲೆ ಹುಲ್ಲಿನಡಿಯ ಮಣ್ಣಿನಲ್ಲಿ ಕೂದಲೆಳೆಯಂಥ ಬಿರುಕು. ಅದರಿಂದ ಹೊರಬರುವುದು ಬಾಗಿದ ಕತ್ತು, ಬಿಳಿಗೆ ಹಸಿರು ಸೋಕಿದ, ನೀರು ತುಂಬಿ ಹೊಳೆಯುವ ಬಳುಕು. ಬೀಜ ಇನ್ನೂ ಮಣ್ಣೊಳಗೇ ಇರುತ್ತದೆ. ಈಗ ಹುಲ್ಲು ಸರಿಸಬೇಕು. ಬೆಳಕು ಬಿದ್ದ ಕತ್ತು ಹಸಿರಾಗುತ್ತ, ಒಂದು ದಿನದಿಂದ ಇನ್ನೊಂದು ದಿನಕ್ಕೆ ಕಣ್ಣಿಗೆ ತಿಳಿಯುವಷ್ಟೇ ನೆಟ್ಟಗಾಗುತ್ತ, ತನ್ನನ್ನು ಹೆತ್ತ ಬೀಜವನ್ನು ಮಣ್ಣಿನಿಂದ ಮೇಲಕ್ಕೆ ಎತ್ತುತ್ತದೆ.

ಬೀಜ ಹೊತ್ತು ನಿಂತ ಈ ಸಸಿಗೆ ತೋಟದವರು ಟೋಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ದಿನಗಟ್ಟಲೆ ಏನೂ ನಡೆಯುವುದಿಲ್ಲ. ನಡೆಯುವುದೆಲ್ಲ ಟೋಪಿಯೊಳಗೆ. ಅಲ್ಲಿ ಮಡಚಿಕೊಂಡಿರುವ ಎರಡು ಬೀಜದೆಲೆಗಳು ಗಟ್ಟಿ ಬುತ್ತಿಯನ್ನು ಕರಗಿಸಿ ಹೀರುತ್ತ, ಅದು ತೆರವು ಮಾಡಿದ ಜಾಗದಲ್ಲೇ ಅಗಲವಾಗುತ್ತಿರುತ್ತವೆ. ಬುತ್ತಿ ತೆಳುವಾದಷ್ಟೂ ಎಲೆ ದೊಡ್ಡದು. ಕೊನೆಗೆ ಹೊಟ್ಟಿನ ಅಂಚು ಬಿಡುತ್ತದೆ, ಸಂದಿಯಲ್ಲಿ ಎಳೆ ಗಿಳಿಹಸಿರಿನ ಗೆರೆಯೊಂದು ಕಾಣುತ್ತದೆ. ಬೆರಳಲ್ಲಿ ಟೋಪಿ ಬಿಡಿಸಿಬಿಡುವ ಆಸೆ ಹುಟ್ಟುವುದು ಆಗಲೇ. “ಕೀಳ್ಬೇಡ ಮಗಾ, ಅದಾಗೇ ಬಿಡ್ತದೆ” ಎಂದು ಅಮ್ಮ ಪ್ರತಿ ವರ್ಷವೂ ಹೇಳುತ್ತಿದ್ದಳು. ಅವಳ ಮಾತೇ ಸರಿ: ಬುತ್ತಿ ಮುಗಿಯುವ ಮುನ್ನ ಕಿತ್ತರೆ ಎಲೆಯೂ ಹೊಟ್ಟಿನ ಜೊತೆಗೇ ಹರಿದು ಬರುತ್ತದೆ.

ಟೋಪಿ ಬಿದ್ದ ಬೆಳಿಗ್ಗೆ ಎಲೆಗಳು ಸುಕ್ಕುಸುಕ್ಕಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಸಿಲೇರಿದಂತೆ ಅಂಚು ಅಗಲುತ್ತದೆ, ನರಗಳು ಬಿಗಿಯುತ್ತವೆ, ಅಲೆಯಲೆ ಅಂಚಿನ ದುಂಡನೆಯ ಜೋಡಿ ಅಡ್ಡಕ್ಕೆ ಹರಡುತ್ತದೆ. ಎಷ್ಟು ಕಾಫಿಗಿಡ ಕಂಡವರಿಗೂ ಇದು ಕಾಫಿಯೆಲೆ ಎನ್ನಿಸದು, ಅಷ್ಟು ದುಂಡಗೆ. ಚೂಪು ತುದಿಯ ನಿಜವಾದ ಎಲೆಗಳು ನಡುವಿನ ಸುಳಿಯಿಂದ ಮೂಡುವುದು ಇನ್ನೂ ತಡವಾಗಿ. ಒಂದು ಜೋಡಿ ಹೊರಟ ದಿಕ್ಕಿಗೆ ಮುಂದಿನದು ಅಡ್ಡ. ಒಂದೇ ಪಾತಿಯಲ್ಲಿ ಕೆಲವು ಸುಳಿ ತಾಮ್ರದ ಬಣ್ಣ, ಕೆಲವು ತಿಳಿಹಸಿರು.

ತೊಟ್ಟೆಗೆ ಸಾಗಿಸುವುದು ಈ ಸುಳಿಗಾಗಿ ಕಾಯದೆ, ಟೋಪಿ ಇರುವಾಗಲೇ. ಸಂಜೆ ತಂಪಿನಲ್ಲಿ ಸಸಿ ಎಬ್ಬಿಸಿ ಬೇರು ನೋಡುತ್ತೇನೆ: ನೆಟ್ಟಗಿದ್ದದ್ದು ಒಂದು ಕಡೆ, ಡೊಂಕಾದದ್ದು ಇನ್ನೊಂದು ಕಡೆ. ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ತುಂಬಿದ ತೊಟ್ಟೆಯಲ್ಲಿ ಕಡ್ಡಿಯಿಂದ ಕುಳಿ ಮಾಡಿ, ಬೇರಿನ ತುದಿ ಮಡಚದಂತೆ ಇಳಿಸಿ, ಸುತ್ತ ಮಣ್ಣು ಒತ್ತಬೇಕು. ಮಳೆ ಹಿಡಿಯುವವರೆಗೆ ಅವು ಚಪ್ಪರದಡಿಯಲ್ಲೇ ಇರುತ್ತವೆ.