ಬಾಯಿ ತೆರೆಯದ ಮಗು

ಎರಡು ವರ್ಷ ದಾಟಿದ ಮಗುವಿಗೂ ಅನ್ನವನ್ನು ಮಿಕ್ಸಿಗೆ ಹಾಕಿ ಕೊಡುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಒಂದು ಅಗುಳು ಸಿಕ್ಕರೆ ಮಗು ಓಕರಿಸುತ್ತದೆ. ಇಲ್ಲವೇ ತುತ್ತನ್ನು ಕೆನ್ನೆಯ ಸಂದಿಯಲ್ಲಿಟ್ಟುಕೊಂಡು ಕೂತೇ ಇರುತ್ತದೆ. ಮೊಬೈಲಿನಲ್ಲಿ ಹಾಡು ಹಚ್ಚದಿದ್ದರೆ ಬಾಯೇ ತೆರೆಯುವುದಿಲ್ಲ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ, ಅಪ್ಪ ಹಸಿವಿನ ಟಾನಿಕ್ ತರುತ್ತಾನೆ, ಪಕ್ಕದ ಮನೆಯವರು ‘ಬರೀ ಹಟ, ಎರಡು ಬಿಗಿದರೆ ಸರಿಹೋಗುತ್ತೆ’ ಅನ್ನುತ್ತಾರೆ. ತಾಯಿ ಕೇಳಬೇಕಾದ ಮಾತುಗಳ ಪಟ್ಟಿಯಂತೂ ಬೇಡ. ಎಲ್ಲರೂ ಒಂದು ವಿಷಯವನ್ನು ಒಪ್ಪಿಕೊಂಡುಬಿಟ್ಟಿದ್ದಾರೆ: ಉಣ್ಣುವುದು ಯಾವ ಮಗುವಿಗಾದರೂ ತಾನಾಗಿ ಬರುತ್ತದೆ, ಹಸಿವೊಂದಿದ್ದರೆ ಸಾಕು.

ಮೊದಲ ಕೆಲವು ತಿಂಗಳ ಮಟ್ಟಿಗೆ ಅದು ಬಹುಪಾಲು ನಿಜ. ಕೆನ್ನೆಗೆ ಬೆರಳು ತಾಗಿದರೆ ಎಳೆಗೂಸು ಅತ್ತ ಬಾಯಿ ತಿರುಗಿಸುತ್ತದೆ, ಸಿಕ್ಕಿದ್ದನ್ನು ಚೀಪುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದಕ್ಕೊಂದು ಹೊಂದಿಕೊಳ್ಳುವುದು ಬಸುರಿನ ಸುಮಾರು 34ನೇ ವಾರಕ್ಕೆ. ಅದಕ್ಕೂ ಮೊದಲೇ ಹುಟ್ಟಿದ ಕೂಸಿಗೆ ಮೂಗಿನ ಮೂಲಕ ಕೊಳವೆ ಹಾಕಿ ಹಾಲು ಕೊಡಬೇಕಾಗಿ ಬರುವುದು ಇದಕ್ಕೇ. ನಾಲ್ಕಾರು ತಿಂಗಳಾಗುವಷ್ಟರಲ್ಲಿ ಹುಟ್ಟಿನಿಂದ ಬಂದ ಈ ಪ್ರತಿವರ್ತನೆಗಳು ಮೆಲ್ಲಗೆ ಹಿಂದೆ ಸರಿಯುತ್ತವೆ. ಅಲ್ಲಿಂದಾಚೆಗೆ ಉಣ್ಣುವುದನ್ನು ಮಗು ಕಲಿಯಬೇಕು.

ಕಲಿಯುವುದಕ್ಕೆ ಏನಿದೆ ಅನ್ನುವವರು ಇಡ್ಲಿಯ ಒಂದು ಚೂರನ್ನು ಬಾಯಿಗಿಟ್ಟುಕೊಂಡು ಗಮನಿಸಲಿ. ರಾಗಿ ಸರಿಯನ್ನೋ ಮಣ್ಣಿಯನ್ನೋ ಒಳಗೆ ಕಳಿಸಲು ನಾಲಗೆ ಹಿಂದೆಮುಂದೆ ಆಡಿದರೆ ಸಾಕು. ಮೊಲೆ ಚೀಪುವಾಗಲೂ ಮಗು ಅದನ್ನೇ ಮಾಡುತ್ತಿತ್ತು. ಇಡ್ಲಿ ಚೂರು ಹಾಗೆ ಜಾರುವುದಿಲ್ಲ. ನಾಲಗೆ ಪಕ್ಕಕ್ಕೆ ಹೊರಳಿ ಅದನ್ನು ಒಸಡಿನ ಮೇಲೆ ದೂಡಬೇಕು. ದವಡೆ ಒತ್ತುವಾಗ ಚೂರು ಆಚೆ ಬೀಳದಂತೆ ಕೆನ್ನೆ ತಡೆಯಬೇಕು. ಎಂಜಲು ಬೆರೆತು ಮುದ್ದೆಯಾದ ಮೇಲೆ ನಾಲಗೆ ಅದನ್ನು ಮತ್ತೆ ನಡುವಿಗೆ ತಂದು ಗಂಟಲಿಗೆ ದಾಟಿಸಬೇಕು. ಆ ಗಳಿಗೆಯಲ್ಲಿ ಉಸಿರು ನಿಂತು ಶ್ವಾಸನಾಳದ ಬಾಯಿ ಮುಚ್ಚಬೇಕು. ನಾಲಗೆ ಹೀಗೆ ಪಕ್ಕಕ್ಕೆ ಹೊರಳುವುದು ಸುಮಾರು ಆರರಿಂದ ಒಂಬತ್ತು ತಿಂಗಳ ನಡುವೆ ಶುರುವಾಗುತ್ತದೆ. ದೊಡ್ಡವರಂತೆ ದವಡೆ ತಿರುಗಿಸಿ ಅರೆಯುವುದು ಪಳಗಲು ಇನ್ನೂ ಎರಡು ವರ್ಷ ಹಿಡಿಯುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳ ಬೆಳವಣಿಗೆಯನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಗಂಟುಗಂಟಾದ ಆಹಾರವನ್ನು ಹತ್ತನೇ ತಿಂಗಳಿಗೋ ಅದರಾಚೆಗೋ ಮೊದಲು ಕಂಡ ಮಕ್ಕಳಲ್ಲಿ ಊಟದ ತಕರಾರು ಹೆಚ್ಚಿತ್ತು. ಏಳು ವರ್ಷವಾದಾಗಲೂ ಆ ವ್ಯತ್ಯಾಸ ಉಳಿದಿತ್ತು. ನಮ್ಮ ಮಿಕ್ಸಿಯ ಕತೆ ಇಲ್ಲಿಗೆ ಬಂದು ಸೇರುತ್ತದೆ. ಓಕರಿಸುತ್ತದೆಂದು ನುಣ್ಣಗೆ ಅರೆದು ಕೊಡುತ್ತೇವೆ. ಅರೆದು ಕೊಟ್ಟಿದ್ದರಿಂದ ನಾಲಗೆ ಹೊರಳಲು ಕಲಿಯುವುದಿಲ್ಲ. ಕಲಿಯದ್ದರಿಂದ ಮತ್ತೆ ಓಕರಿಸುತ್ತದೆ. ಎಳೆಯರಲ್ಲಿ ಓಕರಿಕೆ ಹುಟ್ಟಿಸುವ ಜಾಗ ನಾಲಗೆಯ ಮೇಲೆ ಸಾಕಷ್ಟು ಮುಂದೆಯೇ ಇರುತ್ತದೆ. ಬೆರಳು, ಆಟಿಕೆ, ಗಂಟುಗಳು ಬಾಯಿಗೆ ಹೋಗಿ ಬರುತ್ತಾ ಅದು ಹಿಂದಕ್ಕೆ ಸರಿಯುತ್ತದೆ. ಓಕರಿಕೆಗೂ ಉಸಿರುಗಟ್ಟುವುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು: ಓಕರಿಸುವ ಮಗು ಸದ್ದು ಮಾಡುತ್ತದೆ, ಉಸಿರುಗಟ್ಟಿದ ಮಗುವಿಗೆ ಸದ್ದೇ ಹೊರಡುವುದಿಲ್ಲ. ಇನ್ನೊಂದು ಮಾತು. ಸಾರನ್ನ ಸುಲಭವೆಂದು ನಾವು ತಿಳಿದಿದ್ದೇವೆ. ಆದರೆ ತಿಳಿಸಾರಿನಲ್ಲಿ ಅಗುಳು ತೇಲುವ ಊಟ ಕಲಿಯುವ ಬಾಯಿಗೆ ತೀರಾ ಕಷ್ಟ, ಏಕೆಂದರೆ ನೀರು ಮೊದಲೇ ಓಡುತ್ತದೆ, ಅಗುಳು ಹಿಂದುಳಿಯುತ್ತದೆ. ಕೈಯಲ್ಲಿ ಹಿಸುಕಿದ ಗಟ್ಟಿ ಅನ್ನ, ಬೆಂದ ಗೆಣಸಿನ ಕೋಲು, ಮಾಗಿದ ಬಾಳೆಹಣ್ಣು ಎಷ್ಟೋ ವಾಸಿ. ಚೂರನ್ನು ನಾಲಗೆಯ ನಡುವೆ ಇಡದೆ ಒಂದು ಪಕ್ಕದ ಒಸಡಿನ ಮೇಲಿಟ್ಟರೆ ನಾಲಗೆ ತಾನೇ ಅತ್ತ ಹುಡುಕಿಕೊಂಡು ಹೋಗುತ್ತದೆ. ಕಡಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಮಾತ್ರ ನಾಲ್ಕೈದು ವರ್ಷದವರೆಗೆ ಬೇಡವೇ ಬೇಡ.

ಕಲಿಕೆ ತಡವಾಗಲು ಅಭ್ಯಾಸವೊಂದೇ ಕಾರಣವಲ್ಲ. ಅವಧಿಗೆ ಮುಂಚಿನ ಹೆರಿಗೆ, ಸೀಳು ಅಂಗುಳ, ಹೃದಯದ ತೊಂದರೆ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಹೊಟ್ಟೆಯಿಂದ ಹುಳಿ ಮೇಲೆ ಬರುವುದು, ಇವುಗಳಲ್ಲಿ ಯಾವುದಾದರೂ ಇರಬಹುದು. ಆಟಿಸಂ ಇರುವ ಕೆಲವು ಮಕ್ಕಳಿಗೆ ಬಣ್ಣ, ವಾಸನೆ, ಗರಿಗರಿತನ ಚೂರು ಬದಲಾದರೂ ಅದು ಬೇರೆಯದೇ ವಸ್ತು. ಸಾಮಾನ್ಯ ಕಾರಣಗಳನ್ನು ಮರೆಯಬಾರದು. ಮಲಬದ್ಧತೆ ಇದ್ದ ಮಗುವಿಗೆ ಹಸಿವಾಗುವುದಿಲ್ಲ. ಊಟ ಮಾಡದ ಮಗುವಿಗೆ ಹಾಲಾದರೂ ಹೋಗಲಿ ಎಂದು ದಿನವಿಡೀ ಬಾಟಲಿ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಕಬ್ಬಿಣಾಂಶ ಕುಸಿಯುತ್ತದೆ, ರಕ್ತಹೀನತೆಯಿಂದ ಇದ್ದ ಹಸಿವೂ ಸಾಯುತ್ತದೆ. ಟಾನಿಕ್ ತರುವ ಮೊದಲು ಹಾಲಿನ ಲೆಕ್ಕ ನೋಡುವುದು ಒಳ್ಳೆಯದು. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಧಾರಾಳವಾಯಿತು.

ಹಾಗಾದರೆ ಎಷ್ಟು ತಿನ್ನಬೇಕೆಂದು ಮಗುವಿಗೆ ಗೊತ್ತಾಗುತ್ತದೆಯೇ? ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ ಇದನ್ನು ನೇರವಾಗಿ ಪರೀಕ್ಷಿಸಿದವರು. 1920ರ ದಶಕದಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಆರಂಭವಾಗಿ ಶಿಕಾಗೋದಲ್ಲಿ ಮುಂದುವರಿದ ಆ ಪ್ರಯೋಗದಲ್ಲಿ ಮೊಲೆ ಬಿಡಿಸಿದ 15 ಮಕ್ಕಳಿದ್ದರು, 34 ಬಗೆಯ ಸಾದಾ ಆಹಾರಗಳಿದ್ದವು. ದಾದಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಬಟ್ಟಲಿನತ್ತ ಕೈಚಾಚಿದರೆ ಮಾತ್ರ ಒಂದು ಚಮಚ ಕೊಡಬೇಕು. ‘ತಿನ್ನು’ ಅನ್ನುವಂತಿಲ್ಲ, ಹೊಗಳುವಂತಿಲ್ಲ, ಗದರುವಂತಿಲ್ಲ. ಮೊದಲ ಊಟಗಳಲ್ಲಿ ಕೂಸುಗಳು ಬಟ್ಟಲಿಗೆ ಮುಖವನ್ನೇ ಅದ್ದಿದವು, ಚಮಚ ಕಚ್ಚಿದವು. ಆಮೇಲೆ ತಮ್ಮ ರುಚಿ ಕಂಡುಕೊಂಡವು. ಬೆಳಗ್ಗೆ ಕಿತ್ತಳೆ ರಸದೊಂದಿಗೆ ಪಿತ್ತಜನಕಾಂಗ ತಿಂದವರಿದ್ದರು, ರಾತ್ರಿ ಮೊಟ್ಟೆ, ಬಾಳೆಹಣ್ಣು, ಹಾಲಷ್ಟೇ ಸಾಕೆಂದವರಿದ್ದರು. ಒಪ್ಪೊತ್ತಿನ ಊಟ ವಿಚಿತ್ರ, ಒಟ್ಟಾರೆ ಬೆಳವಣಿಗೆ ಚೆನ್ನ. ಆದರೆ 1939ರ ತಮ್ಮ ವರದಿಯಲ್ಲಿ ಡೇವಿಸ್ ಒಂದು ಗುಟ್ಟನ್ನೂ ಬಿಟ್ಟುಕೊಟ್ಟರು: ಯುಕ್ತಿ ಇದ್ದದ್ದು ಆಹಾರದ ಪಟ್ಟಿಯಲ್ಲಿ. ಅದರಲ್ಲಿ ಸಕ್ಕರೆ, ಬಿಸ್ಕತ್ತು ಇರಲೇ ಇಲ್ಲ. ಪಟ್ಟಿ ದೊಡ್ಡವರದು, ಆಯ್ಕೆ ಮಗುವಿನದು. ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರ ಹೊಣೆ. ತಿನ್ನಬೇಕೇ, ಎಷ್ಟು ಎಂಬುದು ಮಗುವಿನ ಹೊಣೆ ಎಂದು ಎಲಿನ್ ಸಾಟರ್ ಎಂಬ ಆಹಾರ ತಜ್ಞೆ 1980ರ ದಶಕದಲ್ಲಿ ಹಾಕಿಕೊಟ್ಟ ಸೂತ್ರವೂ ಇದೇ ದಾರಿಯದು.

ಬಲವಂತದ ಫಲ ಏನೆಂಬುದಕ್ಕೂ ಪುರಾವೆಯಿದೆ. ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ‘ಸೂಪು ಮುಗಿಸು’ ಎಂದು ಪದೇ ಪದೇ ಹೇಳಿಸಿಕೊಂಡ ಮಕ್ಕಳು ಹೇಳಿಸಿಕೊಳ್ಳದಿದ್ದಾಗಿನದಕ್ಕಿಂತ ಕಡಿಮೆ ಕುಡಿದರು, ಹೆಚ್ಚು ದೂರಿದರು. ಅದು ಬರೀ ಮಾತಿನ ಒತ್ತಡ. ಕಾಲ ಮೇಲೆ ಮಲಗಿಸಿ, ಮೂಗು ಹಿಡಿದು, ಒಳಲೆಯಲ್ಲಿ ಬಾಯಿಗೆ ಹುಯ್ಯುವ ನಮ್ಮ ಹಳೆಯ ಪದ್ಧತಿಯ ಮುಂದೆ ಅದು ಏನೂ ಅಲ್ಲ. ಒಳಲೆಯ ತಪ್ಪೇನಿಲ್ಲ, ಎತ್ತಿ ಕೂರಿಸಿ ತುಟಿಗೆ ತಾಗಿಸಿ ಹನಿಹನಿಯಾಗಿ ಕೊಟ್ಟರೆ ಅದು ಅಚ್ಚುಕಟ್ಟಾದ ಸಾಧನ, ನವಜಾತ ಶಿಶುಗಳ ಘಟಕಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಅಳುವ ಮಗುವಿಗೆ ಹರಳೆಣ್ಣೆಯನ್ನೋ ತುಪ್ಪವನ್ನೋ ಬಲವಂತವಾಗಿ ಸುರಿದು, ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದದ್ದನ್ನು ದಕ್ಷಿಣ ಭಾರತದ ವೈದ್ಯರು ದಾಖಲಿಸಿದ್ದಾರೆ.

ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊಳವೆಯಲ್ಲೇ ಆಹಾರ ಪಡೆದ ಮಕ್ಕಳ ಕತೆ ಇನ್ನೂ ಕಠಿಣ. ರೋಗ ವಾಸಿಯಾಗಿದ್ದರೂ ಅವು ಬಾಯಿಂದ ತಿನ್ನುವುದಿಲ್ಲ. ಹಸಿವೆಂದರೇನೆಂದು ಅವಕ್ಕೆ ಗೊತ್ತಿರುವುದಿಲ್ಲ, ಬಾಯಿಗೆ ಬಂದದ್ದೆಲ್ಲ ನೋವು ತಂದದ್ದು ಗೊತ್ತಿರುತ್ತದೆ. ಆಸ್ಟ್ರಿಯಾದ ಗ್ರಾಜ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಮಾರ್ಗರೀಟ್ ಡುನಿಟ್ಸ್-ಶೇರ್ ಮತ್ತು ಪೀಟರ್ ಶೇರ್ ಇಂಥ ಮಕ್ಕಳಿಗಾಗಿಯೇ ಒಂದು ಕ್ರಮ ರೂಪಿಸಿದರು. ನೆಲದ ಮೇಲೆ ಹಾಸು, ಅದರ ಮೇಲೆ ತರತರದ ತಿನಿಸು, ಸುತ್ತ ನಾಲ್ಕಾರು ಮಕ್ಕಳು. ಯಾರೂ ಯಾರ ಬಾಯಿಗೂ ಏನನ್ನೂ ಇಡುವುದಿಲ್ಲ. ಹಿಸುಕಬಹುದು, ಎಸೆಯಬಹುದು, ಮೈಗೆ ಬಳಿದುಕೊಳ್ಳಬಹುದು, ಅಮ್ಮನಿಗೆ ತಿನ್ನಿಸಬಹುದು. ಅದೇ ವೇಳೆಗೆ ಕೊಳವೆಯಲ್ಲಿ ಹೋಗುವ ಆಹಾರವನ್ನು ವೈದ್ಯರು ಇಳಿಸುತ್ತಾರೆ, ತೂಕ ತುಸು ಇಳಿಯುವುದನ್ನು ಕಣ್ಗಾವಲಿಟ್ಟು ಸಹಿಸುತ್ತಾರೆ. ಹಸಿವು ಹುಟ್ಟುತ್ತದೆ. ಇದು ಆಸ್ಪತ್ರೆಯ ಕೆಲಸ. ಮನೆಯಲ್ಲಿ ಮಗುವನ್ನು ಉಪವಾಸ ಕೆಡವಿ ನೋಡುವ ವಿದ್ಯೆಯಲ್ಲ.

ಇದಕ್ಕೆ ಎದುರು ಪಂಥವೂ ಉಂಟು. ವರ್ತನೆಯ ಚಿಕಿತ್ಸಕರಲ್ಲಿ ಕೆಲವರು ಮಗು ಬಾಯಿ ತೆರೆಯುವವರೆಗೆ ಚಮಚವನ್ನು ತುಟಿಯ ಬಳಿಯಿಂದ ಸರಿಸುವುದಿಲ್ಲ, ತಿಂದರೆ ಬಹುಮಾನ ಕೊಡುತ್ತಾರೆ. ತಿನ್ನುವ ಪ್ರಮಾಣ ಹೆಚ್ಚುತ್ತದೆಂದು ತೋರಿಸುವ ಅಧ್ಯಯನಗಳು ಅವರ ಬಳಿ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಆದರೂ ಈ ಲೇಖಕನ ಒಲವು ಗ್ರಾಜ್‌ನ ಹಾಸಿನ ಕಡೆಗೇ. ತರಬೇತಿ ಪಡೆದವರು ಅಳತೆಯಿಟ್ಟು ಮಾಡುವುದು ನಮ್ಮ ಅಡುಗೆಮನೆಗೆ ಬರುವಷ್ಟರಲ್ಲಿ ಮೂಗು ಹಿಡಿಯುವುದಾಗಿ ಬದಲಾಗುವ ಅಪಾಯ ದೊಡ್ಡದು.

ಮನೆಯಲ್ಲಿ ಮಾಡಬಹುದಾದದ್ದು ಬೇಕಾದಷ್ಟಿದೆ. ಮೊದಲು ಕೂರುವ ಭಂಗಿ: ಬೆನ್ನಿಗೆ ಆಸರೆ ಇರಲಿ, ಪಾದ ಊರಲು ಜಾಗವಿರಲಿ. ಬೀಳುವ ಭಯದಲ್ಲಿರುವ ದೇಹ ಜಗಿಯುವುದರ ಮೇಲೆ ಗಮನವಿಡಲಾರದು. ಊಟ, ತಿಂಡಿಗೆ ಹೊತ್ತು ಗೊತ್ತಿರಲಿ, ನಡುವೆ ಬಿಸ್ಕತ್ತು-ಹಾಲು ಬೇಡ, ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ಮೊಬೈಲ್ ನೋಡುತ್ತಾ ನುಂಗಿದ ಮಗು ತಿಂದಿರುತ್ತದೆ, ತಿನ್ನುವುದನ್ನು ಕಲಿತಿರುವುದಿಲ್ಲ. ಹೊಸ ಪದಾರ್ಥ ಒಂದೆರಡು ಸಲ ಬೇಡವೆನಿಸಿಕೊಂಡರೆ ಅದು ಸೋಲಲ್ಲ. ಸಂಶೋಧಕಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಎರಡು ವರ್ಷದ ಮಕ್ಕಳ ಮೇಲೆ ನಡೆಸಿ 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಚ್ಚು ಹೆಚ್ಚು ಸಲ ರುಚಿ ನೋಡಿದಂತೆ ಇಷ್ಟವೂ ಹೆಚ್ಚುತ್ತಾ ಹೋಯಿತು. ಬಾಯಿಗೆ ಬರುವ ಮೊದಲು ಕೈಗೆ ಬರಲಿ. ಬಟಾಣಿ ಸುಲಿಯಲು, ಚಪಾತಿ ಹಿಟ್ಟು ತಟ್ಟಲು ಕೂರಿಸಿಕೊಳ್ಳಿ. ಮೂಸಿ ನೋಡಿದ್ದೂ ಒಂದು ಹೆಜ್ಜೆಯೇ. ಗರಿಗರಿ ದೋಸೆಯೊಂದನ್ನೇ ತಿನ್ನುವ ಮಗುವಿಗೆ ಪಲ್ಯ ತುರುಕುವ ಬದಲು ಹಿಟ್ಟಿಗೆ ಒಂದು ಚಮಚ ರಾಗಿ, ಮುಂದಿನ ವಾರ ಇನ್ನೊಂದು ಚಮಚ.

ಕಾಯಬಾರದ ಲಕ್ಷಣಗಳೂ ಇವೆ: ಪ್ರತಿ ಊಟದಲ್ಲೂ ಕೆಮ್ಮು, ಊಟದ ನಂತರ ಗೊರಗೊರ ದನಿ, ಮತ್ತೆ ಮತ್ತೆ ನ್ಯುಮೋನಿಯಾ, ತುಟಿ ನೀಲಿಯಾಗುವುದು, ತೂಕ ನಿಲ್ಲುವುದು, ತಿನ್ನುತ್ತಿದ್ದ ಪದಾರ್ಥಗಳನ್ನು ಒಂದೊಂದಾಗಿ ಬಿಡುವುದು. ಕೆಲವು ಮಕ್ಕಳಲ್ಲಿ ಆಹಾರ ಶ್ವಾಸನಾಳಕ್ಕಿಳಿದರೂ ಕೆಮ್ಮು ಬರುವುದೇ ಇಲ್ಲ. ಬೇರಿಯಂ ಬೆರೆಸಿದ ತುತ್ತು ನುಂಗಿಸಿ ಎಕ್ಸ್-ರೇಯಲ್ಲಿ ಅದರ ದಾರಿ ನೋಡಿದರೆ ಗೊತ್ತಾಗುತ್ತದೆ. ಮೊದಲು ಮಕ್ಕಳ ವೈದ್ಯರು, ಬಳಿಕ ನುಂಗುವಿಕೆಯ ತರಬೇತಿಯುಳ್ಳ ವಾಕ್ ಚಿಕಿತ್ಸಕರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳಿಗಾಗಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು ಸ್ಥಾಪಿಸಲಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಹೋಗುವಾಗ ಮಗು ಮನೆಯಲ್ಲಿ ಊಟ ಮಾಡುವ ಒಂದು ವಿಡಿಯೋ, ಮೂರು ದಿನದಲ್ಲಿ ತಿಂದದ್ದರ ಪಟ್ಟಿ, ತೂಕ ಬರೆದ ತಾಯಿ ಕಾರ್ಡು ಜೊತೆಗಿರಲಿ. ಅಪರಿಚಿತರ ಕೋಣೆಯಲ್ಲಿ ಮಗು ಬಾಯಿ ತೆರೆಯದೆ ಹೋದರೆ ಚಿಕಿತ್ಸಕರು ನೋಡುವುದು ಆ ವಿಡಿಯೋವನ್ನೇ.