ಗಾಳಿ ಬೆನ್ನಿಗೆ ತಾಗ್ತಾ ಇದ್ರೆ ಡಿಂಗಿ ಇಳಿಸಬೇಡಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಡಿಸೆಂಬರ್, ಜನವರಿ ಬಂತು ಅಂದ್ರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಮಾತು: ಗೋಕರ್ಣಕ್ಕೆ ಹೋಗೋಣ್ವಾ, ಮುರುಡೇಶ್ವರಕ್ಕೆ ಹೋಗೋಣ್ವಾ? ನಮ್ಮ ಗುಂಪಿನಲ್ಲಿ ಎರಡು ವರ್ಷದ ಹಿಂದೆ ಇದಕ್ಕೆ ಇನ್ನೊಂದು ಸೇರಿಕೊಳ್ತು. ಕಾಲೇಜಿನ ಸ್ನೇಹಿತನೊಬ್ಬ ಸೆಕೆಂಡ್ ಹ್ಯಾಂಡ್ ಡಿಂಗಿ ತಗೊಂಡ. ಡಿಂಗಿ ಅಂದ್ರೆ ಗಾಳಿ ತುಂಬಿಸೋ ಪುಟ್ಟ ರಬ್ಬರ್ ದೋಣಿ, ಹಿಂದೆ ಒಂದು ಸಣ್ಣ ಎಂಜಿನ್. ಮಡಚಿದ್ರೆ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತೆ.

ಸ್ನಾರ್ಕೆಲಿಂಗ್‌ಗೆ, ಅಂದ್ರೆ ಕನ್ನಡಕ ಮತ್ತು ಉಸಿರಾಟದ ಕೊಳವೆ ಹಾಕ್ಕೊಂಡು ತೇಲುತ್ತಾ ನೀರಿನೊಳಗೆ ನೋಡೋಕೆ, ಇದು ನಿಜವಾಗಿಯೂ ಒಳ್ಳೆ ಸಾಧನ. ಬೀಚಿನ ಅಂಚಿನಲ್ಲಿ ಅಲೆ ಮರಳನ್ನ ಕಲಕುತ್ತೆ, ಏನೂ ಕಾಣಲ್ಲ. ಸ್ವಲ್ಪ ಆಚೆ, ಬಂಡೆಗಳ ಬುಡದಲ್ಲಿ ನೀರು ತಿಳಿಯಾಗಿರುತ್ತೆ, ಮೀನೂ ಅಲ್ಲೇ ಜಾಸ್ತಿ. ಅಲ್ಲಿವರೆಗೆ ಈಜಿ ಸುಸ್ತಾಗೋ ಬದಲು ದೋಣಿಯಲ್ಲಿ ಹೋಗಬಹುದು. ಕುಡಿಯೋ ನೀರು, ಟವೆಲ್ ಎಲ್ಲ ಜೊತೆಗೇ ಇರುತ್ತೆ.

ಜನವರಿಯ ಒಂದು ಬೆಳಿಗ್ಗೆ, ಎಂಟೂವರೆ. ಉತ್ತರ ಕನ್ನಡದ ಒಂದು ಸಣ್ಣ ಕೊಲ್ಲಿ. ಸಮುದ್ರ ಕೆರೆ ಥರ ಶಾಂತವಾಗಿತ್ತು. ಮೂವರೂ ಹೋಗಿ, ಸುಮಾರು 4 ಮೀಟರ್ ಆಳದಲ್ಲಿ ಲಂಗರು ಹಾಕಿ, ಮೂವರೂ ನೀರಿಗಿಳಿದ್ವಿ. ಕಾಲು ಗಂಟೆ ಆದ್ಮೇಲೆ ತಲೆ ಎತ್ತಿ ನೋಡ್ತೀನಿ, ದೋಣಿ ಇದ್ದ ಜಾಗದಲ್ಲಿ ಇಲ್ಲ. ಖಾಲಿ ದೋಣಿ ಲಂಗರು ಎಳ್ಕೊಂಡು ಪಶ್ಚಿಮಕ್ಕೆ ಹೋಗ್ತಾ ಇತ್ತು. ಲೈಫ್ ಜಾಕೆಟ್, ಫೋನ್ ಎಲ್ಲ ಅದರೊಳಗೆ.

ಸ್ನೇಹಿತ ಅದರ ಹಿಂದೆ ಈಜೋಕೆ ಶುರು ಮಾಡಿದ. ಕಾಲಿಗೆ ಫಿನ್ ಇತ್ತು, ಈಜೂ ಚೆನ್ನಾಗಿ ಬರುತ್ತೆ. ಆದರೂ ಅಂತರ ಕಡಿಮೆ ಆಗ್ಲಿಲ್ಲ. ನಾವಿಬ್ಬರೂ ಬಂಡೆ ಹತ್ತಿ ಕೂಗ್ತಾ ಇದ್ವಿ, "ಬಿಟ್ಟು ಬಾ." ಅವನು ತಿರುಗಲಿಲ್ಲ.

ಕೊನೆಗೆ, ಬಲೆ ಎತ್ತಿ ವಾಪಸ್ ಬರ್ತಿದ್ದ ಒಬ್ಬ ಹಿರಿಯ ಮೀನುಗಾರರು ಮೊದಲು ಅವನನ್ನ ಎತ್ತಿಕೊಂಡು, ಆಮೇಲೆ ಡಿಂಗಿ ಹಿಡಿದು ತಂದ್ರು. ಬೈಯಲಿಲ್ಲ. "ದೋಣೀಲಿ ಒಬ್ರಾದ್ರೂ ಇರ್ಬೇಕಾಗಿತ್ತಲ, ತಮಾ," ಅಂದ್ರು ಅಷ್ಟೇ.

ಎಲ್ಲಿ ತಪ್ಪಿದ್ವಿ? ಮೊದಲನೆಯದು, ಗಾಳಿ. ರಾತ್ರಿ ನೆಲ ಸಮುದ್ರಕ್ಕಿಂತ ಬೇಗ ತಣ್ಣಗಾಗುತ್ತೆ. ಅದಕ್ಕೆ ಬೆಳಗಿನ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತೆ. ದಡಕ್ಕೆ ಗುಡ್ಡ ಅಡ್ಡ ಇರೋದ್ರಿಂದ ಹತ್ತಿರದ ನೀರು ಸಪಾಟಾಗಿ ಕಾಣುತ್ತೆ. ಆಚೆ ಹೋದಷ್ಟೂ ಗಾಳಿ ಜೋರು. ನಾವು ಯಾವ ಶಾಂತ ನೀರನ್ನ ನಂಬಿ ಇಳಿದ್ವೋ, ಅದನ್ನ ಹಾಗೆ ಮಾಡಿದ್ದೇ ದೋಣಿಯನ್ನ ಹೊತ್ತೊಯ್ದ ಗಾಳಿ. ಹೊತ್ತೇರಿದ ಮೇಲೆ ನೆಲ ಕಾಯುತ್ತೆ, ಗಾಳಿ ತಿರುಗಿ ಸಮುದ್ರದಿಂದ ದಡಕ್ಕೆ ಬರುತ್ತೆ. ಮಧ್ಯಾಹ್ನದ ಮೇಲೆ ಅದೇ ಜೋರಾಗಿ ಅಲೆ ಏಳಿಸುತ್ತೆ.

ಹಾಗಾಗಿ ಒಂದು ಸುಲಭದ ಪರೀಕ್ಷೆ. ಸಮುದ್ರಕ್ಕೆ ಮುಖ ಮಾಡಿ ನಿಲ್ಲಿ. ಗಾಳಿ ಬೆನ್ನಿಗೆ ತಾಗ್ತಾ ಇದ್ರೆ ಕಾಯಿರಿ. ಮುಖಕ್ಕೆ ಮೆಲ್ಲಗೆ ತಾಗೋಕೆ ಶುರುವಾದಾಗ ಇಳಿಯಿರಿ, ಅದು ಜೋರಾಗೋ ಮೊದಲು ವಾಪಸ್ ಬನ್ನಿ. ಆಗ ಏನೇ ಎಡವಟ್ಟಾದ್ರೂ ದೋಣಿ ದಡದ ಕಡೆಗೇ ತೇಲುತ್ತೆ.

ಎರಡನೆಯದು, ಲಂಗರಿನ ಹಗ್ಗ. ನಮ್ಮದು 10 ಮೀಟರ್ ಇತ್ತು, ಸಾಕು ಅಂದ್ಕೊಂಡಿದ್ವಿ. ಲಂಗರು ಹಿಡಿಯೋದು ತೂಕದಿಂದಲ್ಲ, ಅದರ ಕೊಕ್ಕೆ ಮರಳಲ್ಲಿ ಹೂತುಕೊಳ್ಳೋದ್ರಿಂದ. ಎಳೆತ ಅಡ್ಡಕ್ಕೆ ಬಂದ್ರೆ ಹೂತುಕೊಳ್ಳುತ್ತೆ, ಮೇಲಕ್ಕೆ ಬಂದ್ರೆ ಕಿತ್ತು ಬರುತ್ತೆ. ಅದಕ್ಕೇ ಆಳದ 5ರಿಂದ 7 ಪಟ್ಟು ಹಗ್ಗ ಬಿಡಬೇಕು. 4 ಮೀಟರ್ ಆಳಕ್ಕೆ 20ರಿಂದ 28 ಮೀಟರ್. ಹಾಕೋದು ಮರಳಿನ ಮೇಲೇ ಇರಲಿ, ಹವಳದ ಮೇಲೆ ಬೇಡ. ಬಂಡೆ ಕಟ್ಟೋ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಮೂರನೆಯದು, ಆ ಹಿರಿಯರು ಹೇಳಿದ್ದು. ಒಬ್ಬರು ಯಾವಾಗಲೂ ದೋಣಿಯಲ್ಲಿ, ಲೈಫ್ ಜಾಕೆಟ್ ಹಾಕ್ಕೊಂಡು ಇರಬೇಕು. ನೀರಲ್ಲಿರೋರು ಹತ್ತಿರ ಬಂದಾಗ ಎಂಜಿನ್ ಪೂರ್ತಿ ಆಫ್. ನಿಧಾನವಾಗಿ ತಿರುಗೋ ಪ್ರೊಪೆಲ್ಲರ್ ಕೂಡ ಕಾಲು ಸೀಳುತ್ತೆ. ಎಂಜಿನ್ ಓಡಿಸೋರು ಕಿಲ್ ಸ್ವಿಚ್‌ನ ದಾರವನ್ನ ಕೈಗೆ ಕಟ್ಕೋಬೇಕು. ಅವರು ನೀರಿಗೆ ಬಿದ್ರೆ ಎಂಜಿನ್ ತಾನೇ ನಿಲ್ಲುತ್ತೆ. ಪೆಟ್ರೋಲಿನಲ್ಲಿ ಮೂರನೇ ಒಂದು ಭಾಗ ಹೋಗೋಕೆ, ಒಂದು ಭಾಗ ಬರೋಕೆ, ಉಳಿದಿದ್ದು ಆಪತ್ತಿಗೆ. ಫೋನ್ ನೀರು ಹೋಗದ ಚೀಲದಲ್ಲಿರಲಿ. ಕೋಸ್ಟ್ ಗಾರ್ಡ್ ಸಹಾಯವಾಣಿ 1554.

ಮುರುಡೇಶ್ವರದ ನೇತ್ರಾಣಿಗೆ ಡಿಂಗಿಯಲ್ಲಿ ಹೋಗಬಹುದಾ ಅಂತ ಕೇಳೋರಿದ್ದಾರೆ. ಬೇಡ. ಅದು ದಡದಿಂದ ಸುಮಾರು 19 ಕಿ.ಮೀ. ದೂರದ ತೆರೆದ ಸಮುದ್ರ. ಅಲ್ಲಿಗೆ ಕರ್ಕೊಂಡು ಹೋಗೋ ದೊಡ್ಡ ಬೋಟುಗಳಿವೆ, ಅದರಲ್ಲೇ ಹೋಗಿ.

ಕೊನೆಯ ಮಾತು. ಯಾಕೆ ತಿರುಗಿ ಬರಲಿಲ್ಲ ಅಂತ ಆಮೇಲೆ ಸ್ನೇಹಿತನನ್ನ ಕೇಳಿದೆ. "ಅಷ್ಟು ದುಡ್ಡು ಹಾಕಿದ್ನಲ್ಲೋ," ಅಂದ. ನಾವಿಬ್ಬರೂ ಬಿಕಾಂ. ಸಂಕ್ ಕಾಸ್ಟ್ ಪಾಠ ಒಂದೇ ಬೆಂಚಲ್ಲಿ ಕೂತು ಓದಿದ್ವಿ: ಖರ್ಚಾಗಿ ಹೋದ ದುಡ್ಡು ನೋಡಿ ಮುಂದಿನ ನಿರ್ಧಾರ ಮಾಡಬಾರದು ಅಂತ. ಪರೀಕ್ಷೆಯಲ್ಲಿ ಅದನ್ನ ಬರೆದು ಅಂಕ ತಗೊಂಡಿದ್ದ. ನೀರಲ್ಲಿ ನೆನಪಾಗಲಿಲ್ಲ. ನನ್ನ ದೋಣಿ ಆಗಿದ್ರೆ ನನಗೂ ನೆನಪಾಗ್ತಾ ಇರ್ಲಿಲ್ಲವೇನೋ. ಅದಕ್ಕೇ ಈಗ ನಾವು ಇಳಿಯೋ ಮೊದಲೇ, ದಡದಲ್ಲಿ ನಿಂತು ಬಾಯಿಬಿಟ್ಟು ಹೇಳ್ಕೊಳ್ತೀವಿ: ದೋಣಿ ಹೋದ್ರೆ ಹೋಗಲಿ, ಎಲ್ಲರೂ ದಡಕ್ಕೆ.

ಮುಂದಿನ ವಾರ ಸಿಗೋಣ.